ಬಿಸಿಲ ನಾಡಿಗೆ ಕುಟುಂಬ ಸಮೇತ ಹೊರಟಿದ್ದೀರಾ? ಮೊದಲು ನೀರಿನ ಲೆಕ್ಕ ಹಾಕಿ

ಕಲಬುರಗಿಯ ಖ್ವಾಜಾ ಬಂದೇ ನವಾಝ್ ದರ್ಗಾದ ಉರೂಸ್ ಪ್ರತಿವರ್ಷ ಝುಲ್ ಖಅದ್ ತಿಂಗಳ 15ರಂದು ಆರಂಭವಾಗುತ್ತದೆ. ಹಿಜರಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತಾ ಹೋಗುವುದರಿಂದ ಕೆಲವು ವರ್ಷಗಳಿಂದ ಈ ಉರೂಸ್ ಮೇ ತಿಂಗಳಲ್ಲಿ ಬರುತ್ತಿದೆ. ಮಕ್ಕಳಿಗೆ ಶಾಲೆ ರಜೆ. ಗಲ್ಫ್‌ನಿಂದ ಮಗನೋ ಅಳಿಯನೋ ಊರಿಗೆ ಬಂದಿರುತ್ತಾರೆ. ಉಮ್ಮನದ್ದು ಎಷ್ಟೋ ವರ್ಷದ ಒಂದು ನೇರ್ಚೆ ಬಾಕಿ ಇರುತ್ತದೆ. ಏಳು ಸೀಟಿನ ಗಾಡಿಯೊಂದು ಸಿಕ್ಕಿದರೆ ಆಯಿತು, ಹೊರಟೇ ಬಿಡುತ್ತೇವೆ.

ಝಿಯಾರತ್‌ಗೆ ಮಾತ್ರ ಅಲ್ಲ, ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಮಗನನ್ನು ನೋಡಲು, ಆ ಕಡೆ ಶಾಲೆಯಲ್ಲಿ ಟೀಚರ್ ಆಗಿರುವ ಮಗಳನ್ನು ಬಿಟ್ಟು ಬರಲು ಎಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಗೆ ಹೋಗುವ ಕುಟುಂಬಗಳೂ ಇವೆ. ಹೋಗಬಾರದು ಎಂದು ಹೇಳುತ್ತಿಲ್ಲ. ಆದರೆ ಉಳ್ಳಾಲಕ್ಕೋ ಅಜ್ಮೀರಿಗೆ ರೈಲಿನಲ್ಲೋ ಹೋಗುವ ತಯಾರಿ ಇದಕ್ಕೆ ಸಾಲದು.

ಸೆಕೆ ಬೇರೆ, ಬಿಸಿಲು ಬೇರೆ

"ನಮ್ಮಲ್ಲಿಲ್ಲದ ಸೆಕೆ ಅಲ್ಲಿ ಎಂತದು?" ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಇರುವುದೇ ಅಲ್ಲಿ. ಕರಾವಳಿಯಲ್ಲಿ 34 ಡಿಗ್ರಿಗೇ ಅಂಗಿ ಒದ್ದೆಯಾಗುತ್ತದೆ, ಬೆವರು ಕಣ್ಣಿಗೆ ಕಾಣುತ್ತದೆ, ನೀರು ಕುಡಿಯಬೇಕೆಂದು ನೆನಪಾಗುತ್ತದೆ. ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸತಲ್ಲ. ಗಾಳಿ ಒಣಗಿರುವುದರಿಂದ ಬೆವರು ಬಂದ ಕೂಡಲೇ ಆರಿ ಹೋಗುತ್ತದೆ. ಮೈ ಒಣಗಿಯೇ ಇದೆ ಎಂದು ಅನಿಸುತ್ತದೆ, ಒಳಗಿನಿಂದ ನೀರು ಹೋಗುತ್ತಲೇ ಇರುತ್ತದೆ. ಬಾಯಾರಿಕೆ ಗೊತ್ತಾಗುವಾಗ ತಡವಾಗಿರುತ್ತದೆ.

ಬೇಸಿಗೆಯಲ್ಲಿ ಆ ಭಾಗದ ಸರಕಾರಿ ಕಚೇರಿಗಳ ಸಮಯವನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತಾರೆ. ಅಲ್ಲಿಯೇ ಹುಟ್ಟಿ ಬೆಳೆದವರೇ ಮಧ್ಯಾಹ್ನ ಹೊರಗೆ ಬರುವುದಿಲ್ಲ. ನಾವೂ ಅದೇ ಸಮಯ ಪಾಲಿಸಿದರೆ ಅರ್ಧ ತೊಂದರೆ ಕಡಿಮೆ. ಸುಬ್‌ಹಿ ಮುಗಿಸಿ ಹೊರಟು 11ರೊಳಗೆ ನೆರಳು ಸೇರಬೇಕು. ಮತ್ತೆ ಅಸರ್ ಕಳೆದ ಮೇಲೆಯೇ ಹೊರಗೆ.

ದಾರಿ ಎರಡು ದಿನದ್ದು

ಮಂಗಳೂರಿನಿಂದ ಕಲಬುರಗಿಗೆ ಆರುನೂರು ಕಿ.ಮೀ.ಗೂ ಹೆಚ್ಚು ದೂರ. ಘಾಟಿ ಹತ್ತಿ ಚಿತ್ರದುರ್ಗ, ಹೊಸಪೇಟೆ, ಲಿಂಗಸುಗೂರು, ಶಹಾಪುರ, ಜೇವರ್ಗಿ ಮೂಲಕ ಹೋಗುವವರು ತುಂಗಭದ್ರಾ, ಕೃಷ್ಣಾ, ಭೀಮಾ ಮೂರೂ ನದಿ ದಾಟುತ್ತಾರೆ. "ರಾತ್ರಿ ಇಶಾ ಕಳೆದು ಬಿಟ್ಟರೆ ಬೆಳಗ್ಗೆ ಅಲ್ಲಿ" ಎಂಬ ಲೆಕ್ಕ ಬಿಟ್ಟುಬಿಡಿ. ಹಗಲಿಡೀ ಅಂಗಡಿಯಲ್ಲಿ ಕೂತವನು ರಾತ್ರಿಯಿಡೀ ಸ್ಟೇರಿಂಗ್ ಹಿಡಿದರೆ ನಿದ್ದೆ ಬರದೆ ಇರುತ್ತದಾ? ಇಬ್ಬರು ಓಡಿಸುವವರಿರಲಿ. ಹೊಸಪೇಟೆಯಲ್ಲಿ ಒಂದು ರಾತ್ರಿ ತಂಗಿದರೆ ಖರ್ಚು ಒಂದು ರೂಮಿನದ್ದು ಮಾತ್ರ.

ವಯಸ್ಸಾದವರಿದ್ದರೆ ಇನ್ನೊಂದು ದಾರಿಯಿದೆ. ಬೆಂಗಳೂರಿನಿಂದ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ವಾಡಿ, ಶಹಾಬಾದ್, ಕಲಬುರಗಿ ಮೂಲಕವೇ ಹೋಗುತ್ತದೆ. ರೈಲಿನಲ್ಲಿ ಹೋಗಿ ಅಲ್ಲಿಂದ ಸ್ಥಳೀಯ ಗಾಡಿ ಬಾಡಿಗೆಗೆ ಹಿಡಿದರೆ ದಾರಿ ಗೊತ್ತಿರುವ ಡ್ರೈವರ್ ಕೂಡಾ ಸಿಕ್ಕಂತಾಗುತ್ತದೆ.

ಗಾಡಿಗೆ ಏನು ನೋಡಬೇಕು?

ಟಯರ್ ಮೊದಲು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದು ಅರ್ಥ. ಗೀಟು ಚೆನ್ನಾಗಿದ್ದರೂ ಹಳೆಯ ರಬ್ಬರು ಕಾದ ಡಾಮರಿನ ಮೇಲೆ ಒಡೆಯುತ್ತದೆ. ಗಾಳಿಯನ್ನು ಬೆಳಗ್ಗೆ, ಟಯರ್ ತಣ್ಣಗಿರುವಾಗ ನೋಡಬೇಕು. ಮಧ್ಯಾಹ್ನ ಒತ್ತಡ ಜಾಸ್ತಿ ತೋರಿಸಿತೆಂದು ಗಾಳಿ ಬಿಡಬಾರದು. ಸ್ಟೆಪ್ನಿಗೂ ಗಾಳಿ ಇದೆಯಾ ನೋಡಿ. ಜಾಕ್ ಲಗೇಜಿನ ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳದಿರಲಿ.

ಕೂಲೆಂಟ್, ಬೆಲ್ಟ್, ಬ್ಯಾಟರಿ, ಎಸಿ ಗ್ಯಾಸ್ ಇವಿಷ್ಟನ್ನು ಹೊರಡುವ ಒಂದು ವಾರ ಮೊದಲೇ ಗ್ಯಾರೇಜಿನಲ್ಲಿ ತೋರಿಸಿ. ಇಂಜಿನ್ ಬಿಸಿಯಾಗಿ ನಿಂತರೆ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಪೂರ್ತಿ ತಣಿಯಲಿ. ಶಹಾಬಾದ್, ವಾಡಿ, ಸೇಡಂ ಸುತ್ತ ಕಲ್ಲಿನ ಗಣಿ, ಸಿಮೆಂಟ್ ಲಾರಿಗಳ ಓಡಾಟ ಹೆಚ್ಚು. ಧೂಳಿಗೆ ಏರ್ ಫಿಲ್ಟರ್ ಕಟ್ಟುತ್ತದೆ. ಮಳೆ ಬಿದ್ದ ಮೇಲೆ ರಸ್ತೆ ಬಿಟ್ಟು ಬದಿಯ ಎರೆ ಮಣ್ಣಿಗೆ ಗಾಡಿ ಇಳಿಸಬೇಡಿ, ಚಕ್ರ ಹೂತು ಹೋಗುತ್ತದೆ. ಚಿಂಚೋಳಿ ಕಾಡಿನ ಕಡೆ ಹೋಗುವ ಮೊದಲು ಸೇಡಂನಲ್ಲೇ ಟ್ಯಾಂಕ್ ತುಂಬಿಸಿಕೊಳ್ಳಿ.

ನಿಲ್ಲಿಸಿದ ಗಾಡಿಯೊಳಗೆ ಅರ್ಧ ಗಂಟೆಯಲ್ಲಿ ಬಿಸಿ ಹೊರಗಿನದಕ್ಕಿಂತ 15-20 ಡಿಗ್ರಿ ಏರುತ್ತದೆ. "ಮಗು ಮಲಗಿದೆ, ಐದೇ ನಿಮಿಷ" ಎಂದು ಯಾರೂ ಬಾಗಿಲು ಹಾಕಿ ಹೋಗಬಾರದು. ಪವರ್ ಬ್ಯಾಂಕ್, ಲೈಟರ್, ಸ್ಪ್ರೇ ಬಾಟ್ಲಿಗಳನ್ನೂ ಗಾಡಿಯಲ್ಲಿ ಬಿಡಬೇಡಿ.

ನೀರು, ಬುತ್ತಿ

ಒಬ್ಬರಿಗೆ ದಿನಕ್ಕೆ ಕುಡಿಯಲು 4 ಲೀಟರ್ ಎಂದಿಟ್ಟುಕೊಳ್ಳಿ. ಏಳು ಜನಕ್ಕೆ 28 ಲೀಟರ್. ವುಝೂ, ಮಕ್ಕಳ ಕೈಕಾಲು, ಗಾಡಿಗೆಂದು ಇನ್ನೊಂದು ಹತ್ತು. ಅಂದರೆ 20 ಲೀಟರಿನ ಎರಡು ಕ್ಯಾನ್. ಅದು ಸುಣ್ಣಕಲ್ಲಿನ ನಾಡು, ಬೋರ್‌ವೆಲ್ ನೀರು ಗಡಸು, ನಮ್ಮ ಹೊಟ್ಟೆಗೆ ಒಗ್ಗದಿರಬಹುದು. ಹಳ್ಳಿಯ ನಳ್ಳಿಯ ಮುಂದೆ ಬಿಂದಿಗೆ ಸಾಲು ಇದ್ದರೆ ನಮ್ಮ ಕ್ಯಾನ್ ಹಿಡಿದು ಮುಂದೆ ನುಗ್ಗಬೇಡಿ. ಆ ಹೆಂಗಸರು ಆ ನೀರಿಗಾಗಿ ಬೆಳಗ್ಗೆಯಿಂದ ಕಾದಿರುತ್ತಾರೆ.

ಒಂದು ಮಾತು ಮನೆಯ ಗಂಡಸರಿಗೆ. ದಾರಿಯಲ್ಲಿ ಶೌಚಾಲಯ ಸಿಗದೆಂದು ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಕೇಳಿದರೆ "ಬಾಯಾರಿಕೆ ಇಲ್ಲ" ಅನ್ನುತ್ತಾರೆ. ಇದು ಎಲ್ಲ ಮನೆಯಲ್ಲೂ ಇರುವುದೇ. ಅವರು ಕೇಳುವವರೆಗೆ ಕಾಯದೆ ಒಂದೂವರೆ-ಎರಡು ಗಂಟೆಗೊಮ್ಮೆ ಸ್ವಚ್ಛವಾದ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ. ಪರ್ದಾ ಸಡಿಲವಾದ ತೆಳು ಹತ್ತಿಯದ್ದಾದರೆ ಒಳ್ಳೆಯದು.

ತೆಂಗಿನಕಾಯಿ ಹಾಕಿದ ಪದಾರ್ಥ ಬುತ್ತಿಗೆ ಬೇಡ. ಬೆಳಗ್ಗೆ ಕಟ್ಟಿದ್ದು ಮಧ್ಯಾಹ್ನಕ್ಕೆ ಹಳಸಿರುತ್ತದೆ. ಒಣ ಪತ್ತಿರ್, ಅವಲಕ್ಕಿ, ಖರ್ಜೂರ, ಸೌತೆಕಾಯಿ, ನಿಂಬೆಹುಳಿ ಒಯ್ಯಿರಿ. ಅಲ್ಲಿ ಹೋದ ಮೇಲೆ ಕುಚ್ಚಲಕ್ಕಿ ಅನ್ನ ಹುಡುಕಬೇಡಿ. ಬಿಸಿ ಜೋಳದ ರೊಟ್ಟಿ, ಮಜ್ಜಿಗೆ, 2019ರಲ್ಲಿ ಜಿಐ ಮಾನ್ಯತೆ ಪಡೆದ ಅಲ್ಲಿನ ತೊಗರಿಯ ಬೇಳೆ ಇರುವಾಗ ಬೇರೇನು ಬೇಕು?

ಮದ್ದಿನ ಚೀಲ

ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ತಣ್ಣನೆಯ ಚೀಲದಲ್ಲಿಡಬೇಕು, ಆದರೆ ಐಸಿಗೆ ತಾಗಿಸಬಾರದು. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಬಿಪಿಗೆ ಮೂತ್ರ ಹೋಗುವ ಮಾತ್ರೆ ನುಂಗುವವರು ಹೊರಡುವ ಮೊದಲೇ ತಮ್ಮ ಡಾಕ್ಟರನ್ನು ಕೇಳಿಕೊಳ್ಳಲಿ. ಓಆರ್‌ಎಸ್ ಪೊಟ್ಟಣ ಹತ್ತಾದರೂ ಇರಲಿ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಡಾಕ್ಟರರ ಮಾತು ಕೇಳಿಯೇ ಕುಡಿಯಲಿ.

ತಲೆನೋವು, ವಾಂತಿ, ಸುಸ್ತು ಬಂದರೆ ಪ್ರಯಾಣ ಅಲ್ಲಿಗೇ ನಿಲ್ಲಲಿ. ಮೈ ಸುಡುತ್ತಾ ಮಾತು ತೊದಲಿದರೆ, ಎದುರಿಗಿರುವವರ ಗುರುತು ತಪ್ಪಿದರೆ ಅದು ಬಿಸಿಲಾಘಾತ. ನೆರಳಿಗೆ ತನ್ನಿ, ಮೇಲಿನ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಡಿ, 108ಕ್ಕೆ ಫೋನ್ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಬಿಡಬೇಡಿ.

ಹೋದ ಮೇಲೆ ನೋಡಿ ಬನ್ನಿ

ಮಕ್ಕಳು ಪಾಠದಲ್ಲಿ ಓದಿದ ನೃಪತುಂಗನ ರಾಜಧಾನಿ ಮಾನ್ಯಖೇಟವೇ ಸೇಡಂ ತಾಲೂಕಿನ ಕಾಗಿಣಾ ದಡದ ಮಳಖೇಡ. ಕೋಟೆಯ ಗೋಡೆ ಈಗಲೂ ಇದೆ. ಚಿತ್ತಾಪುರ ತಾಲೂಕಿನ ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಸಾಮ್ರಾಟ ಅಶೋಕನ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿದೆ. ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದ್‌ಗೆ 1874ರಲ್ಲೇ ನಿಜಾಮರ ಕಾಲದ ರೈಲು ಓಡಿತ್ತು. ನಮ್ಮ ಹಳೆ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಬಂದದ್ದೂ ಇಲ್ಲಿಂದಲೇ. ಚಿಂಚೋಳಿಯದ್ದು ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ, ಘೋಷಣೆಯಾದದ್ದು 2011ರಲ್ಲಿ. ಚಂದ್ರಂಪಳ್ಳಿ ಜಲಾಶಯ ಅದರೊಳಗೇ ಇದೆ.

ಅಲ್ಲಿನ ಮುಸ್ಲಿಮರ ಮನೆಮಾತು ದಖನಿ ಉರ್ದು. ನಮ್ಮ ಬ್ಯಾರಿ ಭಾಷೆ ಅವರಿಗೆ ತಿಳಿಯದು, ಅವರ "ನಕ್ಕೊ" ಅಂದರೆ ಬೇಡ ಎಂದು ನಮಗೆ ತಿಳಿಯಲು ಎರಡು ದಿನ ಬೇಕು. ಕನ್ನಡ ಎಲ್ಲರಿಗೂ ಬರುತ್ತದೆ, "ಬರ್ರಿ, ಕೂಡ್ರಿ, ನೀರ್ ಕುಡೀರಿ" ಎಂದು ಕರೆಯುತ್ತಾರೆ. ಹನಫಿ ಮಸೀದಿಗಳಲ್ಲಿ ಅಸರ್ ಬಾಂಗ್ ನಮಗಿಂತ ತಡವಾಗಿ ಕೊಡುತ್ತಾರೆ, ಗಾಬರಿಯಾಗಬೇಡಿ. ಜಂಅ್, ಖಸ್ರ್ ವಿಷಯವನ್ನು ಊರಿನ ಉಸ್ತಾದರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಕೊನೆಗೆ ಉಮ್ಮನ ವಿಷಯ. ಎಪ್ಪತ್ತು ದಾಟಿದ, ಹೃದಯದ್ದೋ ಕಿಡ್ನಿಯದ್ದೋ ಕಾಯಿಲೆ ಇರುವ ಹಿರಿಯರನ್ನು ಮೇ ತಿಂಗಳ ಬಿಸಿಲಿಗೆ ಕರೆದೊಯ್ಯುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ. ಉರೂಸಿನ ಜನಜಂಗುಳಿಯಲ್ಲೇ ಆಗಬೇಕೆಂದೇನೂ ಇಲ್ಲ, ದರ್ಗಾದ ಬಾಗಿಲು ವರ್ಷವಿಡೀ ತೆರೆದಿರುತ್ತದೆ. ಡಿಸೆಂಬರ್-ಜನವರಿಯಲ್ಲಿ ಅಲ್ಲಿ ಬೆಳಗ್ಗೆ ಶಾಲು ಹೊದೆಯುವಷ್ಟು ಚಳಿ, ಹೊಲದಲ್ಲಿ ಜೋಳ ನಿಂತಿರುತ್ತದೆ. ಆಗ ಉಮ್ಮ ಗಾಡಿಯ ಕಿಟಕಿ ತೆರೆದೇ ಕೂತುಕೊಳ್ಳಬಹುದು.