ಉಸಿರಿನ ಯಂತ್ರ ಬರೆದಿಡುವ ಲೆಕ್ಕ

ವರ್ಷಾನುಗಟ್ಟಲೆ ಬೀಡಿ, ಸಿಗರೇಟು ಸೇದಿದವರಲ್ಲಿ, ಸೌದೆ ಒಲೆಯ ಹೊಗೆ ಕುಡಿದವರಲ್ಲಿ ಶ್ವಾಸನಾಳಗಳು ಕಿರಿದಾಗಿ ದೀರ್ಘಕಾಲದ ಉಬ್ಬಸ ಕಾಣಿಸಿಕೊಳ್ಳುತ್ತದೆ. ರೋಗ ಬಲಿತಾಗ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಮಂಕು ಇದರ ಲಕ್ಷಣಗಳು. ಇಂಥವರಿಗೆ ವೈದ್ಯರು ಮನೆಯಲ್ಲಿ ರಾತ್ರಿ ಬಳಸಲು ಬೈಪ್ಯಾಪ್ ಯಂತ್ರ ಸೂಚಿಸುವುದುಂಟು. ಇದು ಮುಖವಾಡದ ಮೂಲಕ ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡದಲ್ಲಿ ಗಾಳಿ ಒದಗಿಸುತ್ತದೆ.

ಇದರಿಂದ ಪ್ರಯೋಜನ ಉಂಟೇ? 2014ರಲ್ಲಿ ಪ್ರಕಟವಾದ, 195 ರೋಗಿಗಳ ಯುರೋಪಿನ ಅಧ್ಯಯನವೊಂದರಲ್ಲಿ ಯಂತ್ರ ಬಳಸದವರ ಪೈಕಿ ಒಂದು ವರ್ಷದಲ್ಲಿ ಶೇ 33 ಮಂದಿ ಸತ್ತರೆ, ಬಳಸಿದವರಲ್ಲಿ ಶೇ 12 ಮಂದಿ ಸತ್ತರು. ಅಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುವಷ್ಟು ಒತ್ತಡವನ್ನು ಹೊಂದಿಸಲಾಗಿತ್ತು ಎಂಬುದು ಮುಖ್ಯ. ಯಂತ್ರ ಕೊಂಡರಷ್ಟೇ ಸಾಲದು, ಅದನ್ನು ರೋಗಿಗೆ ಹೊಂದಿಸಬೇಕು.

ಕೊಡಗಿನ ತೋಟದ ಮನೆಗಳಿಂದ ಮಳೆಗಾಲದಲ್ಲಿ ಮಡಿಕೇರಿಗೋ ಅಲ್ಲಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿಗೋ ಪದೇ ಪದೇ ಹೋಗುವುದು ಸುಲಭವಲ್ಲ. ಇಲ್ಲಿ ನೆರವಿಗೆ ಬರುವುದು ಯಂತ್ರವೇ ಬರೆದಿಡುವ ಲೆಕ್ಕ. ಅನೇಕ ಯಂತ್ರಗಳು ಪ್ರತಿ ರಾತ್ರಿಯ ವಿವರವನ್ನು ಸಣ್ಣ ಮೆಮೊರಿ ಕಾರ್ಡಿನಲ್ಲಿ ದಾಖಲಿಸುತ್ತವೆ. ಕೆಲವು ಮೊಬೈಲ್ ಜಾಲದ ಮೂಲಕ ವೈದ್ಯರಿಗೇ ಕಳಿಸುತ್ತವೆ.

ವೈದ್ಯರು ಮುಖ್ಯವಾಗಿ ನೋಡುವುದು ಮೂರು ಸಂಗತಿ. ಮೊದಲನೆಯದು, ಎಷ್ಟು ಗಂಟೆ ಬಳಕೆಯಾಯಿತು. ಎರಡನೆಯದು, ಗಾಳಿಯ ಸೋರಿಕೆ. ಮುಖವಾಡದ ಅಳತೆ ಸರಿಯಿಲ್ಲದಿದ್ದರೆ, ಹಲ್ಲಿನ ಸೆಟ್ ತೆಗೆದಾಗ ಕೆನ್ನೆ ಒಳಗೆ ಹೋದರೆ, ಬಾಯಿ ತೆರೆದು ಮಲಗಿದರೆ ಗಾಳಿ ಸೋರುತ್ತದೆ. ಆಗ ಒತ್ತಡ ಹೆಚ್ಚಿಸುವ ಮೊದಲು ಮುಖವಾಡ ಸರಿಪಡಿಸಬೇಕು. ಪಟ್ಟಿಯನ್ನು ಅತಿಯಾಗಿ ಬಿಗಿದರೆ ಮೂಗಿನ ಮೇಲೆ ಹುಣ್ಣಾದೀತು. ಮೂರನೆಯದು, ನಿಮಿಷಕ್ಕೆ ಎಷ್ಟು ಉಸಿರು, ಪ್ರತಿ ಉಸಿರಿನಲ್ಲಿ ಎಷ್ಟು ಗಾಳಿ ಎಂಬುದು. ಉಸಿರಿನ ಸಂಖ್ಯೆ ಕೆಲವು ದಿನಗಳಿಂದ ಏರುತ್ತಿದ್ದರೆ ಸೋಂಕಿನ ಮುನ್ಸೂಚನೆ ಇರಬಹುದು.

ಆದರೆ ಯಂತ್ರಕ್ಕೆ ಎಲ್ಲವೂ ತಿಳಿಯದು. ಮೂರೇ ಗಂಟೆ ನಡೆದಿದೆ ಎಂದು ಅದು ಹೇಳೀತು, ಕಾರಣ ಹೇಳದು. ಕರೆಂಟು ಹೋಗಿತ್ತೇ, ಮೂಗು ಕಟ್ಟಿತ್ತೇ, ರೋಗಿಯೇ ಕಿತ್ತೆಸೆದರೇ? ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟ ರಾತ್ರಿಗಳನ್ನು ರೋಗಿಯ ಅಸಡ್ಡೆ ಎಂದು ವೈದ್ಯರು ತಪ್ಪಾಗಿ ಭಾವಿಸಬಹುದು. ಆದ್ದರಿಂದ ಮನೆಯವರು ಒಂದು ನೋಟುಪುಸ್ತಕದಲ್ಲಿ ದಿನಾಂಕದೊಂದಿಗೆ ಕಾರಣ, ಬೆಳಗಿನ ತಲೆನೋವು, ಕಫದ ಬಣ್ಣ ಬರೆದಿಟ್ಟು ಕಾರ್ಡಿನ ಜೊತೆ ಒಯ್ಯಬೇಕು. ಇಂಗಾಲದ ಡೈಆಕ್ಸೈಡಿನ ನಿಜಸ್ಥಿತಿ ತಿಳಿಯಲು ರಕ್ತದ ಅನಿಲ ಪರೀಕ್ಷೆಯೂ ಬೇಕಾಗುತ್ತದೆ.

ಕೆಲವು ಎಚ್ಚರಿಕೆಗಳು: ಕರೆಂಟು ಹೋಗಿ ಯಂತ್ರ ನಿಂತರೆ ಮುಖವಾಡವನ್ನು ತಕ್ಷಣ ತೆಗೆಯಿರಿ. ಬ್ಯಾಟರಿ ಇದ್ದರೆ, ಗಾಳಿಗೆ ತೇವ ಕೊಡುವ ಹೀಟರ್ ಆರಿಸಿದಾಗ ಅದು ಹೆಚ್ಚು ಹೊತ್ತು ಬರುತ್ತದೆ. ಯಂತ್ರದ ಒತ್ತಡವನ್ನಾಗಲಿ, ಆಮ್ಲಜನಕದ ಪ್ರಮಾಣವನ್ನಾಗಲಿ ನೀವಾಗಿಯೇ ಬದಲಿಸಬೇಡಿ. ಆಮ್ಲಜನಕ ಅತಿಯಾದರೆ ಈ ರೋಗಿಗಳಲ್ಲಿ ಇಂಗಾಲದ ಡೈಆಕ್ಸೈಡ್ ಇನ್ನಷ್ಟು ಏರಬಹುದು. ರೋಗಿ ಎಬ್ಬಿಸಿದರೂ ಏಳದಷ್ಟು ಮಂಕಾದರೆ, ತುಟಿ ನೀಲಿಗಟ್ಟಿದರೆ ಕಾರ್ಡು, ಲೆಕ್ಕ ನೋಡುತ್ತಾ ಕೂರದೆ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸೇರಿಸಿ.