ನಾಯಿ ಪಾದ ಕಚ್ಚಿಕೊಳ್ಳುವುದು ‘ಉಷ್ಣ’ದಿಂದಲೇ? ತುರಿಕೆಗೆ ಎಂಜಿನ್ ಆಯಿಲ್ ಹಚ್ಚಬಹುದೇ?

ನಾಯಿ ಮೈ ಕೆರೆದುಕೊಳ್ಳುತ್ತಿದ್ದರೆ ಗ್ಯಾರೇಜಿನಿಂದ ಹಳೆಯ ಎಂಜಿನ್ ಆಯಿಲ್ ತಂದು ಹಚ್ಚಿ. ಪಾದ ಕಚ್ಚಿಕೊಳ್ಳುತ್ತಿದ್ದರೆ ಉಷ್ಣವಾಗಿದೆ, ಮೊಸರನ್ನ ಹಾಕಿ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಅಲರ್ಜಿ ಮಾತ್ರೆ ಅರ್ಧ ಕೊಡಿ, ಡಾಕ್ಟರ ಫೀಸು ಉಳಿಯುತ್ತದೆ. ಸಾಕುನಾಯಿ ಇರುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಸುತ್ತುತ್ತಲೇ ಇರುತ್ತವೆ. ಇವುಗಳಲ್ಲಿ ನಿಜವೆಷ್ಟು, ಅಪಾಯವೆಷ್ಟು? ಒಂದೊಂದಾಗಿ ನೋಡೋಣ.

ಅದಕ್ಕೂ ಮೊದಲು ಒಂದು ಮಾತು ನೆನಪಿರಲಿ. ನಾವು ಮುಲಾಮು ಹಚ್ಚಿಕೊಂಡರೆ ಅದು ಚರ್ಮದ ಮೇಲೆಯೇ ಇರುತ್ತದೆ. ನಾಯಿ ಹಾಗಲ್ಲ, ಮೈಮೇಲಿದ್ದುದನ್ನು ನೆಕ್ಕುತ್ತದೆ. ನಾಯಿಗೆ ಹಚ್ಚಿದ್ದೆಲ್ಲ ಕೊನೆಗೆ ಅದರ ಹೊಟ್ಟೆಗೇ ಹೋಗುತ್ತದೆ ಎಂದುಕೊಂಡು ಪ್ರತಿ ಸಲಹೆಯನ್ನೂ ಅಳೆಯಬೇಕು.

ಎಂಜಿನ್ ಆಯಿಲ್, ಸೀಮೆಎಣ್ಣೆ: ಖಂಡಿತ ಬೇಡ

ಬಳಸಿ ಬಿಟ್ಟ ಎಂಜಿನ್ ಆಯಿಲ್‌ನಲ್ಲಿ ಲೋಹದ ಅಂಶಗಳೂ ಇಂಧನ ಉರಿದಾಗ ಹುಟ್ಟುವ ವಿಷಕಾರಿ ರಾಸಾಯನಿಕಗಳೂ ಸೇರಿರುತ್ತವೆ. ಕೆರೆದು ಹುಣ್ಣಾದ ಚರ್ಮದ ಮೂಲಕ ಇವು ಮೈಯೊಳಗೆ ಇಳಿಯಬಹುದು. ನೆಕ್ಕಿದಾಗ ಹೊಟ್ಟೆಗೂ ಹೋಗುತ್ತವೆ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಸೀಮೆಎಣ್ಣೆ, ಡೀಸೆಲ್ ಚರ್ಮವನ್ನೇ ಸುಟ್ಟುಬಿಡುತ್ತವೆ.

‘ನಮ್ಮ ಬೀದಿನಾಯಿಗೆ ಹಚ್ಚಿದ್ದೆವು, ಕಜ್ಜಿ ಕಡಿಮೆಯಾಯಿತು’ ಎನ್ನುವವರಿದ್ದಾರೆ. ಒಂದೆರಡು ದಿನ ಹಾಗೆ ಕಾಣಬಹುದು. ಆದರೆ ತುರಿಕಜ್ಜಿ ತರುವ ನುಸಿ ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದು ಚರ್ಮದೊಳಗೆ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ. ಮೇಲೆ ಎಣ್ಣೆ ಬಳಿದ ಮಾತ್ರಕ್ಕೆ ಕಾಯಿಲೆ ಹೋಗುವುದಿಲ್ಲ. ಇದೇ ಕಜ್ಜಿಗೆ ಈಗ ಪಶುವೈದ್ಯರ ಬಳಿ ಪರಿಣಾಮಕಾರಿ ಮಾತ್ರೆ, ಔಷಧಿಗಳಿವೆ.

ಯಾರಾದರೂ ಈಗಾಗಲೇ ಹಚ್ಚಿಬಿಟ್ಟಿದ್ದರೆ? ನಾಯಿ ನೆಕ್ಕದಂತೆ ತಡೆಯಿರಿ. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಬಳಸಿ ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ತಕ್ಷಣ ಪಶುವೈದ್ಯರಿಗೆ ತೋರಿಸಿ.

ಪಾದ ಕಚ್ಚಿಕೊಳ್ಳುವುದು ಉಷ್ಣದಿಂದಲೇ?

ಅಲ್ಲ. ನಾಯಿಯ ಪಾದದಲ್ಲಿ ಬೆವರಿನ ಗ್ರಂಥಿಗಳಿವೆ, ನಿಜ. ಆದರೆ ಸೆಕೆಯಾದಾಗ ಅದು ಮುಖ್ಯವಾಗಿ ನಾಲಿಗೆ ಚಾಚಿ ತೇಕುತ್ತಾ ಮೈ ತಂಪು ಮಾಡಿಕೊಳ್ಳುತ್ತದೆ. ಪಾದ ಕಚ್ಚಿಕೊಳ್ಳುವುದು ಸಾಮಾನ್ಯವಾಗಿ ತುರಿಕೆಯ ಅಥವಾ ನೋವಿನ ಲಕ್ಷಣ. ‘ತಂಪು’ ಎಂದು ಕೊಡುವ ಮೊಸರು ಕೆಲವು ನಾಯಿಗಳಲ್ಲಿ ತುರಿಕೆಯನ್ನು ಹೆಚ್ಚಿಸಲೂಬಹುದು. ಏಕೆಂದರೆ ನಾಯಿಗಳಿಗೆ ಅಲರ್ಜಿ ತರುವ ಆಹಾರಗಳಲ್ಲಿ ಹಾಲಿನ ಪದಾರ್ಥಗಳೂ ಇವೆ.

ಹಾಗಾದರೆ ಕಾರಣವೇನು? ಎಲ್ಲಿ ತುರಿಸುತ್ತಿದೆ ನೋಡಿ

ಜ್ವರದಂತೆ ತುರಿಕೆಯೂ ಒಂದು ಲಕ್ಷಣ ಮಾತ್ರ. ಅದರ ಹಿಂದೆ ಹಲವು ಕಾರಣಗಳಿರಬಹುದು. ನಾಯಿ ಯಾವ ಜಾಗವನ್ನು ಕೆರೆದುಕೊಳ್ಳುತ್ತಿದೆ ಎಂಬುದರಲ್ಲೇ ಸುಳಿವಿರುತ್ತದೆ.

ಬಾಲದ ಬುಡ, ಸೊಂಟ: ಮೊದಲು ಚಿಗಟವನ್ನು ಅನುಮಾನಿಸಿ. ಅದರ ಎಂಜಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತ ಸಾಕು, ದಿನಗಟ್ಟಲೆ ತುರಿಸುತ್ತದೆ. ಮನೆಯಲ್ಲೇ ಪರೀಕ್ಷಿಸಬಹುದು. ಬಾಚಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಪು-ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ಪಾದ, ಮುಖ, ಕಿವಿ, ಕಂಕುಳು, ಹೊಟ್ಟೆ: ಧೂಳಿನ ನುಸಿ, ಪರಾಗ, ಬೂಷ್ಟು ಮುಂತಾದ ಪರಿಸರದ ವಸ್ತುಗಳಿಂದಾಗುವ ಅಲರ್ಜಿ ಹೆಚ್ಚಾಗಿ ಹೀಗೆ ಕಾಣಿಸುತ್ತದೆ. ಸಾಮಾನ್ಯವಾಗಿ ಇದು 6 ತಿಂಗಳಿಂದ 3 ವರ್ಷದೊಳಗೆ ಶುರುವಾಗುತ್ತದೆ. ಆಹಾರದ ಅಲರ್ಜಿಯೂ ಇದೇ ರೀತಿ ಕಾಣುತ್ತದೆ, ಕಿವಿ ಪದೇ ಪದೇ ಸೋರುವುದೂ ಉಂಟು.

ಕಿವಿಯ ಅಂಚು, ಮೊಣಕೈ: ಕೂದಲು ಉದುರಿ, ಹೊಪ್ಪಳೆ ಕಟ್ಟಿ, ರಾತ್ರಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ತುರಿಕಜ್ಜಿ ಇರಬಹುದು. ಇದು ಬೇರೆ ನಾಯಿಗಳಿಗೆ ಬೇಗ ಹರಡುತ್ತದೆ. ಎತ್ತಿ ಮುದ್ದಾಡುವ ಮನೆಯವರಿಗೂ ಕೆಂಪು ಗುಳ್ಳೆ, ತುರಿಕೆ ಬರಬಹುದು.

ಬೆರಳ ಸಂದು: ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದೆಯೇ? ಅದು ಸದಾ ನೆಕ್ಕುತ್ತಿರುವುದರಿಂದ ಆದ ಎಂಜಲಿನ ಕಲೆ. ಜೊತೆಗೆ ಮುಗ್ಗಲು ವಾಸನೆ, ಜಿಡ್ಡು ಇದ್ದರೆ ಯೀಸ್ಟ್ ಶಿಲೀಂಧ್ರ ಬೆಳೆದಿರಬಹುದು. ಮಳೆಗಾಲದಲ್ಲಿ ಪಾದ ಒದ್ದೆಯಾಗಿಯೇ ಇದ್ದರೆ ಇದು ಇನ್ನೂ ಹೆಚ್ಚು. ನೆಲ ಒರೆಸಿದ ಫಿನಾಯಿಲ್ ಪಾದಕ್ಕೆ ತಾಗಿಯೂ ಉರಿಯಾಗಬಹುದು.

ಒಂದೇ ಒಂದು ಪಾದ: ಅಲರ್ಜಿಗಿಂತ ಮೊದಲು ಮುಳ್ಳು, ಗಾಜಿನ ಚೂರು, ಮುರಿದ ಉಗುರು, ಬೆರಳ ಸಂದಿನಲ್ಲಿ ಕಚ್ಚಿ ಕುಳಿತ ಉಣ್ಣೆಯನ್ನು ಹುಡುಕಿ. ವಯಸ್ಸಾದ ನಾಯಿಯಲ್ಲಿ ಕೀಲುನೋವೂ ಕಾರಣವಿರಬಹುದು.

ಬೇವು, ಅರಿಶಿನ, ಕೊಬ್ಬರಿ ಎಣ್ಣೆ?

ಬೇವಿನ ಎಲೆ ಕುದಿಸಿ ತಣಿಸಿದ ನೀರಿನಲ್ಲಿ ಮೈ ತೊಳೆದರೆ ಸಾಮಾನ್ಯವಾಗಿ ದೊಡ್ಡ ಹಾನಿಯಿಲ್ಲ. ಆದರೆ ಕಜ್ಜಿಗಾಗಲಿ ಅಲರ್ಜಿಗಾಗಲಿ ಅದೇ ಚಿಕಿತ್ಸೆಯಲ್ಲ. ಯೀಸ್ಟ್ ಇರುವ ಪಾದಕ್ಕೆ ಕೊಬ್ಬರಿ ಎಣ್ಣೆ ಬಳಿದರೆ ಜಿಡ್ಡು, ತೇವ ಎರಡೂ ಅಲ್ಲೇ ನಿಲ್ಲುತ್ತವೆ. ನಿಂಬೆರಸ, ವಿನೆಗರ್ ಹುಣ್ಣಿಗೆ ತಾಗಿದರೆ ಉರಿ. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ.

ಮನುಷ್ಯರ ಮಾತ್ರೆ, ಕ್ರೀಮ್, ಇಂಜೆಕ್ಷನ್?

ಕೆಲವು ಅಲರ್ಜಿ ಮಾತ್ರೆಗಳನ್ನು ಪಶುವೈದ್ಯರೂ ಬರೆಯುವುದುಂಟು. ಅದು ನಾಯಿಯ ತೂಕ ನೋಡಿ ಕೊಡುವ ಪ್ರಮಾಣ. ನಮ್ಮ ಶೀತದ ಮಾತ್ರೆಗಳಲ್ಲಿ ಅಲರ್ಜಿ ಔಷಧಿಯ ಜೊತೆ ಮೂಗು ಬಿಡಿಸುವ ಔಷಧಿ, ಪ್ಯಾರಾಸಿಟಮಾಲ್ ಬೆರೆತಿರುತ್ತವೆ. ಅವು ನಾಯಿಗೆ ಮಾರಕವಾಗಬಲ್ಲವು. ನಮ್ಮ ತುರಿಕೆಯ ಕ್ರೀಮ್‌ಗಳಲ್ಲಿ ಅನೇಕ ಸಲ ಪ್ರಬಲ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ಅರ್ಧ ಗಂಟೆಯಲ್ಲಿ ಅದು ನಾಯಿಯ ನಾಲಿಗೆಯ ಮೇಲಿರುತ್ತದೆ.

ದನಕರುಗಳಿಗೆಂದು ಬರುವ ಐವರ್ಮೆಕ್ಟಿನ್ ಇಂಜೆಕ್ಷನ್ ತಂದು ಮನೆಯಲ್ಲೇ ಚುಚ್ಚುವುದು ಇನ್ನೊಂದು ಅಪಾಯ. ಕೋಲಿ ಮತ್ತು ಅದಕ್ಕೆ ಹತ್ತಿರದ ತಳಿಗಳ ಹಲವು ನಾಯಿಗಳಲ್ಲಿ ಒಂದು ವಂಶವಾಹಿಯ ದೋಷದಿಂದಾಗಿ ಈ ಔಷಧಿ ಮಿದುಳಿಗೆ ಏರಿ ತಲೆಸುತ್ತು, ಫಿಟ್ಸ್, ಸಾವು ತರಬಹುದು. ಬೇರೆ ತಳಿಗಳಿಗೂ ಅಳತೆ ತಪ್ಪಿದರೆ ವಿಷವೇ.

ಮನೆಯಲ್ಲಿ ಬೆಕ್ಕೂ ಇದ್ದರೆ ಒಂದು ಎಚ್ಚರಿಕೆ. ನಾಯಿಗೆ ಹಾಕುವ ಕೆಲವು ಚಿಗಟದ ಔಷಧಿಗಳಲ್ಲಿರುವ ಪರ್ಮೆತ್ರಿನ್ ಬೆಕ್ಕಿನ ಜೀವ ತೆಗೆಯಬಲ್ಲದು.

ಮನೆಯಲ್ಲಿ ಮಾಡಬಹುದಾದದ್ದು

• ವಾಕಿಂಗ್ ಮುಗಿಸಿ ಬಂದ ಮೇಲೆ ಬರೀ ನೀರಿನಲ್ಲಿ ಪಾದ ತೊಳೆದು, ಬೆರಳ ಸಂದು ಪೂರ್ತಿ ಒಣಗುವಂತೆ ಒರೆಸಿ.

• ನಮ್ಮ ಸೋಪು, ಶಾಂಪೂ ಬೇಡ. ನಾಯಿಯ ಚರ್ಮ ನಮ್ಮದಕ್ಕಿಂತ ಕಡಿಮೆ ಆಮ್ಲೀಯ, ಅದಕ್ಕೆಂದೇ ಇರುವ ಶಾಂಪೂ ಬಳಸಿ.

• ಚಿಗಟವಿದ್ದರೆ ನಾಯಿಗೆ ಮಾತ್ರ ಔಷಧಿ ಹಾಕಿದರೆ ಸಾಲದು. ಮೊಟ್ಟೆ, ಮರಿಹುಳುಗಳು ಹಾಸಿಗೆ, ಚಾಪೆ, ಸೋಫಾ ಸಂದಿಯಲ್ಲಿರುತ್ತವೆ. ಹಾಸನ್ನು ಬಿಸಿನೀರಿನಲ್ಲಿ ಒಗೆಯಿರಿ, ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಆಯಾ ಪ್ರಾಣಿಗೆ ತಕ್ಕ ಔಷಧಿ ಹಾಕಿಸಿ.

• ನೆಲ ಒರೆಸಿದ ಮೇಲೆ ಪೂರ್ತಿ ಒಣಗುವವರೆಗೆ ನಾಯಿಯನ್ನು ಬಿಡಬೇಡಿ.

• ಹುಣ್ಣಾಗಿದ್ದರೆ ನೆಕ್ಕದಂತೆ ಕೊರಳಿಗೆ ಕೋನ್ ಹಾಕಿ.

• ಯಾವಾಗ, ಎಲ್ಲಿ ಕೆರೆದುಕೊಳ್ಳುತ್ತದೆ, ಏನು ತಿಂದಿತ್ತು ಎಂದು ಬರೆದಿಡಿ. ಮೊಬೈಲಿನಲ್ಲಿ ವಿಡಿಯೋ ತೆಗೆದು ವೈದ್ಯರಿಗೆ ತೋರಿಸಿ.

ಆಹಾರದ ಅಲರ್ಜಿಯ ಅನುಮಾನವಿದ್ದರೆ ರಕ್ತಪರೀಕ್ಷೆಯನ್ನು ನಂಬಿ ಕೂರಬೇಡಿ, ಅದು ಇದಕ್ಕೆ ಭರವಸೆಯದಲ್ಲ. ನಾಯಿ ಹಿಂದೆಂದೂ ತಿನ್ನದ ಆಹಾರವನ್ನು, ವೈದ್ಯರು ಹೇಳಿದಂತೆ, ಸುಮಾರು 8 ವಾರ ಕೊಟ್ಟು ನೋಡುವುದೇ ಸರಿಯಾದ ದಾರಿ. ನಡುವೆ ಯಾರಾದರೂ ಪ್ರೀತಿಯಿಂದ ಒಂದು ಬಿಸ್ಕತ್ತು ಹಾಕಿದರೂ ಪರೀಕ್ಷೆ ಕೆಟ್ಟಂತೆ.

ಕಾಯದೆ ವೈದ್ಯರ ಬಳಿ ಹೋಗಬೇಕಾದ್ದು ಯಾವಾಗ?

ರಕ್ತ, ಕೀವು, ದುರ್ವಾಸನೆ, ಮುಖದ ಊತ, ಕುಂಟುವುದು, ಊಟ ಬಿಡುವುದು, ಮನೆಯವರಿಗೂ ತುರಿಕೆ: ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ಉಸಿರಾಟಕ್ಕೆ ತೊಂದರೆಯಾದರೆ ಅದು ತುರ್ತು. ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆಯಿಂದಲೇ ನುಸಿ, ಯೀಸ್ಟ್ ಎಷ್ಟೋ ಸಲ ಪತ್ತೆಯಾಗುತ್ತವೆ. ಖಾಸಗಿ ಕ್ಲಿನಿಕ್ ದುಬಾರಿಯೆನಿಸಿದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಿದೆ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ.

ಪರಿಸರದ ಅಲರ್ಜಿ ಪೂರ್ತಿ ವಾಸಿಯಾಗುವುದು ಅಪರೂಪ. ಆದರೆ ಹತೋಟಿಯಲ್ಲಿಟ್ಟರೆ ನಾಯಿ ನೆಮ್ಮದಿಯಾಗಿ ಬದುಕುತ್ತದೆ. ಚಿಗಟ, ಕಜ್ಜಿ, ಮುಳ್ಳಿಗಂತೂ ನೇರ ಪರಿಹಾರವಿದೆ.

ಕೊನೆಯ ಮಾತು: ತುರಿಕೆಗೆ ಎಂಜಿನ್ ಆಯಿಲ್ ಮದ್ದಲ್ಲ, ವಿಷ. ಪಾದ ಕಚ್ಚಿಕೊಳ್ಳುವುದು ಉಷ್ಣವಲ್ಲ, ಕಾರಣ ಹುಡುಕಬೇಕಾದ ಲಕ್ಷಣ. ಆಯಿಲ್ ಹಚ್ಚಿ ಎನ್ನುವ ಮೆಸೇಜ್ ನಿಮ್ಮ ಗುಂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದನ್ನು ಓದಿದವರು ಇಂದು ಸಂಜೆಯೇ ಒಂದು ನಾಯಿಗೆ ಹಚ್ಚಿಬಿಡಬಹುದು.