ಮಗ್ಗಕ್ಕೆ ಬೇಡವಾದ ಗೂಡಿನಿಂದ ಆಂಟೆನಾದ ಹಾಳೆ

ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿ ನೇಕಾರರ ಊರು. ಕಚ್ಚಾ ರೇಷ್ಮೆಗೆ ಬಣ್ಣ ಹಿಡಿಯಬೇಕಾದರೆ ಮೊದಲು ಸೋಪು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ಬಿಡಿಸಬೇಕೆಂಬುದು ಅಲ್ಲಿ ನೇಯ್ಗೆ ಬಲ್ಲವರಿಗೆಲ್ಲ ಗೊತ್ತು. ಸೆರಿಸಿನ್ ಎಂಬ ಆ ಅಂಟು ರೇಷ್ಮೆಯ ತೂಕದ ಸುಮಾರು ಕಾಲು ಭಾಗ. ಅದು ಹೋದ ಮೇಲೆ ಉಳಿಯುವುದು ಫೈಬ್ರಾಯಿನ್ ಎಂಬ ಪ್ರೋಟೀನು.

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಮತ್ತು ಫಿಯೊರೆಂಝೊ ಒಮೆನೆಟ್ಟೊ ಅವರ ತಂಡದ ಕೆಲಸವೂ ಶುರುವಾಗುವುದು ಈ ಕುದಿಸುವಿಕೆಯಿಂದಲೇ. ಅಂಟು ಬಿಟ್ಟ ರೇಷ್ಮೆಯನ್ನು ಅವರು ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ ಕರಗಿಸಿ, ಉಪ್ಪನ್ನು ಬೇರ್ಪಡಿಸಿ, ತೆಳ್ಳಗೆ ಹರಡಿ ಒಣಗಿಸುತ್ತಾರೆ. ಸಿಗುವುದು ಗಾಜಿನಷ್ಟು ಪಾರದರ್ಶಕವಾದ ಹಾಳೆ. 2010ರಲ್ಲಿ ಅಂಥ ಹಾಳೆಯ ಮೇಲೆ ಚಿನ್ನದ ಸೂಕ್ಷ್ಮ ಉಂಗುರಗಳನ್ನು ಕೂರಿಸಿದರು. ಸೆಕೆಂಡಿಗೆ ಲಕ್ಷ ಕೋಟಿ ಸಲದ ಆಸುಪಾಸಿನಲ್ಲಿ ಕಂಪಿಸುವ ಟೆರಾಹರ್ಟ್ಸ್ ಅಲೆಗಳಿಗೆ ಅವು ಓಗೊಟ್ಟವು. 2012ರಲ್ಲಿ ರೇಷ್ಮೆ ಹಾಳೆಯ ಮೇಲೆ ಕೂರಿಸಿದ ಆಂಟೆನಾವನ್ನು ಬಾಳೆಹಣ್ಣಿನ ಸಿಪ್ಪೆಗೆ ಅಂಟಿಸಿದರು. ಹಣ್ಣು ಮಾಗುತ್ತ ಹೋದಂತೆ ಆಂಟೆನಾ ಓಗೊಡುವ ಕಂಪನಾಂಕವೂ ಸರಿಯಿತು. ಸಿಪ್ಪೆ ಸುಲಿಯದೆ, ಹಿಚುಕಿ ನೋಡದೆ ಹಣ್ಣಿನ ಹದ ತಿಳಿಯಿತಲ್ಲ, ಅದು ದೊಡ್ಡ ಮಾತು!

ಆಂಟೆನಾದ ಕೆಳಗಿನ ಹಾಳೆ ಯಾವುದಾದರೇನು ಎನ್ನುವಂತಿಲ್ಲ. 5ಜಿಯ 26 ಗಿಗಾಹರ್ಟ್ಸ್‌ನಂಥ ಎತ್ತರದ ಕಂಪನಾಂಕದಲ್ಲಿ ಅಲೆ ಲೋಹದ ಗೆರೆಗಷ್ಟೇ ಅಂಟಿಕೊಂಡಿರದೆ ಕೆಳಗಿನ ಹಾಳೆಯೊಳಗೂ ಹಾಯುತ್ತದೆ. ಹಾಳೆಯ ಅಣುಗಳು ಅಲೆಯ ಜೊತೆ ಹೊಯ್ದಾಡಿದಷ್ಟೂ ಸಂಕೇತದ ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ರೇಷ್ಮೆಯ ತೊಡಕಿರುವುದು ಇಲ್ಲೇ. ಅದು ಗಾಳಿಯ ತೇವ ಹೀರುತ್ತದೆ. ನೀರಿನ ಅಣುವಾದರೋ ಮೈಕ್ರೋವೇವ್ ಅಲೆಯನ್ನು ಚೆನ್ನಾಗಿ ನುಂಗುತ್ತದೆ. ಮೆಥನಾಲ್‌ನಿಂದಲೋ ನೀರಾವಿಯಿಂದಲೋ ಹದಗೊಳಿಸಿದರೆ ಪ್ರೋಟೀನಿನ ಎಳೆಗಳು ಒತ್ತೊತ್ತಾಗಿ ಜೋಡಿಕೊಂಡು ಹಾಳೆ ನೀರಿನಲ್ಲಿ ಬೇಗ ಕರಗದು. ಆದರೂ ತೇವದ ಕಾಟ ಪೂರ್ತಿ ತಪ್ಪುವುದಿಲ್ಲ. ಹಾಗಾಗಿ ಮೊಬೈಲ್ ಟವರಿಗೆ ರೇಷ್ಮೆ ಹಾಳೆ ಒಗ್ಗೀತೆಂದು ನನಗೆ ಅನ್ನಿಸುವುದಿಲ್ಲ. ಕೆಲವು ದಿನ ದುಡಿದು ಮಾಯವಾಗಬೇಕಾದ ಸಾಧನಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ: ಹಣ್ಣಿನ ಮೇಲಿನ ಪಟ್ಟಿ, ದೇಹದೊಳಗೆ ಇಡುವ ಸೆನ್ಸರ್. ರೇಷ್ಮೆ, ಮೆಗ್ನೀಸಿಯಂ ಮತ್ತು ತೆಳು ಸಿಲಿಕಾನ್ ಬಳಸಿ ನೀರಿನಲ್ಲಿ ಕರಗುವ ಸರ್ಕ್ಯೂಟನ್ನು ವಿಜ್ಞಾನಿ ಜಾನ್ ರೋಜರ್ಸ್ ಜೊತೆಗೂಡಿ ಒಮೆನೆಟ್ಟೊ, ಕಪ್ಲಾನ್ 2012ರಲ್ಲೇ ಮಾಡಿ ತೋರಿಸಿದ್ದಾರೆ.

ಇಂಥ ಹಾಳೆ ಮಾಡಲು ಮಗ್ಗಕ್ಕೆ ಬೇಕಾದಂತೆ ಉದ್ದನೆಯ ಎಳೆ ಬೇಕಿಲ್ಲ. ನೂಲು ಬಿಚ್ಚಲು ಬಾರದ ತೂತುಬಿದ್ದ, ಹರಿದ ಗೂಡಿನಲ್ಲೂ ಇರುವುದು ಅದೇ ಫೈಬ್ರಾಯಿನ್. ದೇಶದಲ್ಲೇ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ನಮ್ಮದು. ಕೇಂದ್ರ ರೇಷ್ಮೆ ಮಂಡಳಿ ಇರುವುದು ಬೆಂಗಳೂರಿನಲ್ಲಿ, ಅದರ ಸಂಶೋಧನಾ ಸಂಸ್ಥೆ ಮೈಸೂರಿನಲ್ಲಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳು ಒಂದು ಚೀಲ ಒಡಕು ಗೂಡು ತರಿಸಿಕೊಂಡು, ನಮ್ಮ ಮಳೆಗಾಲದ ತೇವದಲ್ಲಿ ಈ ಹಾಳೆ ಎಷ್ಟು ಬಾಳುತ್ತದೆಂದು ಅಳೆಯುವ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಲಿ.